ಸೂರ್ಯನ ಕಲೆಗಳೂ ಕಾಂತದ ಅಲೆಗಳೂ

1980ರ ಫೆಬ್ರುವರಿ 16ರ ಖಗ್ರಾಸ ಸೂರ್ಯಗ್ರಹಣವನ್ನು ನನ್ನ ಓರಗೆಯವರು ಮರೆತಿರಲಾರರು. ಅಂಕೋಲೆಯ ಕಡಲತೀರದಿಂದ ರಾಯಚೂರಿನವರೆಗೆ ಚಂದ್ರನ ನೆರಳು ನಮ್ಮ ನಾಡಿನ ಮೇಲೆ ಹಾದುಹೋಯಿತು. ಉಯ್ಯಂಬಳ್ಳಿಯ ಕಡೆ ಕಂಡದ್ದು ಪಾರ್ಶ್ವಗ್ರಹಣ ಮಾತ್ರ. ಆದರೂ ಬಾಗಿಲು ಮುಚ್ಚಿ ಒಳಗೆ ಕುಳಿತವರೇ ಹೆಚ್ಚು. ಅದೇ ಹೊತ್ತಿನಲ್ಲಿ ರಾಯಚೂರಿನ ಬಯಲಿನಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಉಪಕರಣಗಳನ್ನು ಹೂಡಿ ಕಾದಿದ್ದರು. ವೇಣು ಬಾಪು ಅವರ ಪ್ರೇರಣೆಯಿಂದ ಈ ಕೆಲಸಕ್ಕೆ ತೊಡಗಿದವರಲ್ಲಿ ಜಗದೇವ್ ಸಿಂಗ್ ಒಬ್ಬರು.

ಅವರು ಅರಸುತ್ತಿದ್ದುದು ಹಳೆಯದೊಂದು ಒಗಟಿನ ಉತ್ತರವನ್ನು. 1869ರ ಗ್ರಹಣದಲ್ಲಿ ಸೂರ್ಯನ ಹೊರವಲಯವಾದ ಕರೋನದ ಬೆಳಕಿನಲ್ಲಿ ಅಪರಿಚಿತವಾದ ಹಸಿರು ರೇಖೆಯೊಂದು ಕಂಡಿತ್ತು. ಹೊಸ ಧಾತುವೆಂದು ಬಗೆದು ಅದಕ್ಕೆ 'ಕರೋನಿಯಂ' ಎಂದು ಹೆಸರೂ ಇಟ್ಟರು. 1940ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ ಅದು 13 ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣವೆಂದು ತೋರಿಸಿದರು. ಕಬ್ಬಿಣ ಆ ಸ್ಥಿತಿಗೆ ಬರಬೇಕಾದರೆ ಹತ್ತು ಲಕ್ಷ ಡಿಗ್ರಿಗೂ ಮೀರಿದ ಶಾಖ ಬೇಕು. ಸೂರ್ಯನ ಮೇಲ್ಮೈಯಲ್ಲಿಯೋ ಇರುವುದು ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಮಾತ್ರ! "ಒಲೆಯಿಂದ ದೂರ ಸರಿದರೆ ಕಾವು ಕಡಿಮೆಯಾಗಬೇಕಲ್ಲವೇ ಸಾರ್?" ಎಂದು ಹತ್ತನೆಯ ತರಗತಿಯ ಮಕ್ಕಳು ನನ್ನನ್ನು ಕೇಳುತ್ತಿದ್ದರು. ವಿಜ್ಞಾನಿಗಳ ಪ್ರಶ್ನೆಯೂ ಅದೇ.

ಸೂರ್ಯನ ಕಲೆಗಳು ಪ್ರಬಲವಾದ ಕಾಂತಕ್ಷೇತ್ರಗಳೆಂಬುದನ್ನು 1908ರಲ್ಲಿ ಅಮೆರಿಕದ ಜಾರ್ಜ್ ಹೇಲ್ ಕಂಡುಕೊಂಡಿದ್ದರು. ಅಲ್ಲಿಯ ಕಾಂತಶಕ್ತಿ ಭೂಮಿಯದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. 1942ರಲ್ಲಿ ಸ್ವೀಡನ್ನಿನವರೇ ಆದ ಹಾನೆಸ್ ಆಲ್ಫ್‌ವೆನ್, ವಿದ್ಯುತ್ಕಣಗಳಿಂದ ಕೂಡಿದ ಅನಿಲವಾದ ಪ್ಲಾಸ್ಮಾದಲ್ಲಿ ಕಾಂತರೇಖೆಗಳ ಗುಂಟ ಅಲೆಗಳು ಸಾಗಬಲ್ಲವೆಂದು ಪ್ರತಿಪಾದಿಸಿದರು. ಕರೋನವನ್ನು ಕಾಯಿಸುವುದು ಇಂಥ ಅಲೆಗಳೇ ಇರಬಹುದೆಂದು 1947ರಲ್ಲಿ ಸೂಚಿಸಿದರು. 1970ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇದನ್ನು ತಿಳಿಯಲು ನಮ್ಮ ಎತ್ತಿನ ಬಂಡಿಯವರ ಬಾರುಕೋಲೇ ಸಾಕು. ಹಿಡಿಯ ಬಳಿ ಕೈ ತುಸು ಅಲುಗಿದರೆ ಸಾಕು, ಬಾರು ತೆಳುವಾದಂತೆಲ್ಲ ಆ ಅಲುಗಾಟ ಬಲಿತು, ತುದಿಯಲ್ಲಿ ಚಟ್ಟೆಂದು ಸಿಡಿಯುತ್ತದೆ. ಸೂರ್ಯನ ಮೇಲ್ಮೈಯಲ್ಲಿ ಕುದಿಯುವ ಅನಿಲವು ಕಾಂತರೇಖೆಗಳ ಬುಡವನ್ನು ಅಲುಗಿಸುತ್ತದೆ. ಮೇಲೇರಿದಂತೆ ಪ್ಲಾಸ್ಮಾ ವಿರಳವಾಗಿ ಅಲೆ ದೊಡ್ಡದಾಗುತ್ತದೆ. ಕೊನೆಗೆ ಆಘಾತವಾಗಿ ಒಡೆದು ತನ್ನ ಶಕ್ತಿಯನ್ನು ಶಾಖವಾಗಿ ಬಿಟ್ಟುಕೊಡುತ್ತದೆ. ಒಂದು ಸೂರ್ಯಕಲೆಯ ಮೇಲೆ ಆಲ್ಫ್‌ವೆನ್ ಅಲೆಗಳು ಹೀಗೆ ಪ್ಲಾಸ್ಮಾವನ್ನು ಕಾಯಿಸಿದ ಕುರುಹುಗಳನ್ನು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿತು. ಆದರೆ ಅದು ಕರೋನಕ್ಕಿಂತ ಕೆಳಗಿನ ವರ್ಣಗೋಳದ ಮಾತು. ಕರೋನದ ಕಾವಿಗೆ ಅಲೆಗಳ ಪಾಲು ಎಷ್ಟು, ಯೂಜೀನ್ ಪಾರ್ಕರ್ ಹೇಳಿದ ಅಸಂಖ್ಯ ಕಿರುಸ್ಫೋಟಗಳ ಪಾಲು ಎಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಜಗದೇವ್ ಸಿಂಗ್ ಅವರು 1980ರಿಂದ 2010ರವರೆಗೆ ಸುಮಾರು ಹತ್ತು ಗ್ರಹಣಗಳ ಬೆನ್ನು ಹತ್ತಿದರು. ಪ್ರತಿ ಸಲವೂ ದೊರೆತದ್ದು ಕೆಲವೇ ನಿಮಿಷ. ಗ್ರಹಣಕ್ಕಾಗಿ ಕಾಯುವುದರ ಬದಲು ಗ್ರಹಣವನ್ನೇ ಆಕಾಶದಲ್ಲಿ ನಿರ್ಮಿಸಿದರೆ ಹೇಗೆ? ಈ ಹಂಬಲದ ಫಲವಾಗಿ ಸೂರ್ಯಬಿಂಬವನ್ನು ಮರೆಮಾಡಿ ಕರೋನವನ್ನು ನೋಡುವ ದೂರದರ್ಶಕವೊಂದು ಹೊಸಕೋಟೆಯಲ್ಲಿ ಸಿದ್ಧವಾಯಿತು. ಅದನ್ನು ಹೊತ್ತ ಆದಿತ್ಯ-ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟದಿಂದ ಹೊರಟು, 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆಯನ್ನು ಸೇರಿತು.

ರಾಯಚೂರಿನ ಬಯಲಿನಲ್ಲಿ ಕೇಳಿದ ಪ್ರಶ್ನೆ ಅಷ್ಟು ದೂರ ಪಯಣಿಸಲು 43 ವರ್ಷಗಳು ಬೇಕಾದವು. ವಿಜ್ಞಾನದ ಪಾಠವನ್ನು ಪರೀಕ್ಷೆಯ ಅಂಕಗಳಿಗಾಗಿಯೇ ಓದುವ ಮಕ್ಕಳಿಗೆ ಈ ತಾಳ್ಮೆಯ ಕತೆಯನ್ನೂ ಹೇಳುವುದು ಉಪಾಧ್ಯಾಯರ ಕರ್ತವ್ಯವೆಂದು ನನ್ನ ನಂಬಿಕೆ.