ಕೊಲೊಸ್ಟಮಿ ಮುಚ್ಚುವಾಗ ಹರ್ನಿಯಾ ದುರಸ್ತಿ: ಒಟ್ಟಿಗೆಯೋ, ಎರಡು ಹಂತಗಳಲ್ಲೋ?

ಸಾರಾಂಶ

ದೊಡ್ಡಕರುಳಿನ ತುರ್ತು ಶಸ್ತ್ರಚಿಕಿತ್ಸೆಯ ನಂತರ ಕೊಲೊಸ್ಟಮಿಯೊಂದಿಗೆ ಬದುಕುವವರಲ್ಲಿ ಅನೇಕರಿಗೆ ಹಳೆಯ ಗಾಯದಲ್ಲಿ ಇಲ್ಲವೇ ಸ್ಟೋಮಾದ (ಹೊಟ್ಟೆಯ ಮೇಲೆ ಕರುಳು ತೆರೆಯುವ ಬಾಯಿಯ) ಪಕ್ಕದಲ್ಲಿ ಹರ್ನಿಯಾ ಬೆಳೆಯುತ್ತದೆ. ಕರುಳನ್ನು ಮರಳಿ ಜೋಡಿಸುವ ದಿನವೇ ಅದನ್ನೂ ಸರಿಪಡಿಸಬೇಕೆ, ಮುಂದೂಡಬೇಕೆ ಎಂಬುದನ್ನು ಈ ಲೇಖನ ಪ್ರಕಟಿತ ಅಧ್ಯಯನಗಳ ಆಧಾರದಲ್ಲಿ ಚರ್ಚಿಸುತ್ತದೆ. ಸಣ್ಣ ಹರ್ನಿಯಾವನ್ನೂ, ರೋಗಿಯ ಸ್ಥಿತಿ ಅನುಕೂಲವಾಗಿದ್ದರೆ ಮಧ್ಯಮ ಗಾತ್ರದ್ದನ್ನೂ ಅದೇ ದಿನ ಸರಿಪಡಿಸುವುದು ಯುಕ್ತ. ಉದರಭಿತ್ತಿಯ ಪದರಗಳನ್ನು ವಿಸ್ತಾರವಾಗಿ ಬೇರ್ಪಡಿಸಬೇಕಾದ ದೊಡ್ಡ ಹರ್ನಿಯಾದಲ್ಲಿ ಮೊದಲು ಕರುಳು, ಆಮೇಲೆ ಭಿತ್ತಿ ಎಂಬ ಕ್ರಮವೇ ಸುರಕ್ಷಿತ ಎಂಬುದು ಇಲ್ಲಿನ ವಾದ.

ಕೀಲಿಪದಗಳು: ಕೊಲೊಸ್ಟಮಿ, ಹಾರ್ಟ್‌ಮನ್ ಶಸ್ತ್ರಚಿಕಿತ್ಸೆ, ಛೇದನ ಹರ್ನಿಯಾ, ಮೆಶ್, ಉದರಭಿತ್ತಿ

1. ಪೀಠಿಕೆ

ಫ್ರಾನ್ಸಿನ ಶಸ್ತ್ರವೈದ್ಯ ಹೆನ್ರಿ ಹಾರ್ಟ್‌ಮನ್ 1921ರಲ್ಲಿ ಕರುಳಿನ ಕ್ಯಾನ್ಸರ್‌ಗೆ ಒಂದು ವಿಧಾನವನ್ನು ವಿವರಿಸಿದರು. ರೋಗಗ್ರಸ್ತ ಭಾಗವನ್ನು ತೆಗೆದು, ಗುದನಾಳದ ತುದಿಯನ್ನು ಹೊಲಿದು ಮುಚ್ಚಿ, ಮೇಲಿನ ಕರುಳನ್ನು ಹೊಟ್ಟೆಯ ಮೇಲೆ ಕೊಲೊಸ್ಟಮಿಯಾಗಿ ತೆರೆಯುವುದು ಆ ವಿಧಾನ. ಇಂದು ಅದು ಹೆಚ್ಚಾಗಿ ಬಳಕೆಯಾಗುವುದು ತುರ್ತು ಸಂದರ್ಭಗಳಲ್ಲಿ: ದೊಡ್ಡಕರುಳು ತೂತಾಗಿ ಹೊಟ್ಟೆಯೊಳಗೆ ಮಲ ಹರಡಿದಾಗ, ಸಿಗ್ಮಾಯಿಡ್ ಕರುಳು ತಿರುಚಿಕೊಂಡು ಕೊಳೆತಾಗ, ಗಡ್ಡೆಯಿಂದ ಕರುಳು ಕಟ್ಟಿಕೊಂಡಾಗ, ಅಪಘಾತದಲ್ಲಿ ಕರುಳು ಹರಿದಾಗ.

ಸೋಂಕು, ಕರುಳಿನ ಊತ, ಅಪೌಷ್ಟಿಕತೆಗಳ ನಡುವೆ ಮುಚ್ಚಿದ ಗಾಯ ಗಟ್ಟಿಯಾಗಿ ಕೂಡುವುದು ಕಷ್ಟ. ರೋಗಿ ಚೇತರಿಸಿಕೊಂಡು, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ನಂತರ, ಕೊಲೊಸ್ಟಮಿ ಮುಚ್ಚಿಸಿಕೊಳ್ಳಲು ಬರುವ ಹೊತ್ತಿಗೆ ಅನೇಕರಲ್ಲಿ ಮಧ್ಯರೇಖೆಯ ಗಾಯ ಸಡಿಲಗೊಂಡು ಉಬ್ಬಿರುತ್ತದೆ. ರೋಗಿಗೆ ಕೊಲೊಸ್ಟಮಿ ಚೀಲದಿಂದ ಬಿಡುಗಡೆಯೂ ಬೇಕು, ಉಬ್ಬಿದ ಹೊಟ್ಟೆಗೆ ಪರಿಹಾರವೂ ಬೇಕು. ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮುಗಿಸಬಹುದೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ.

2. ಎರಡು ಬಗೆಯ ಹರ್ನಿಯಾ

ಸ್ಟೋಮಾದ ಪಕ್ಕದ ಹರ್ನಿಯಾಕ್ಕೆ ಕಾರಣ ಕರುಳು ಹಾದುಬರುವ ರಂಧ್ರ. ಕೊಲೊಸ್ಟಮಿ ಮುಚ್ಚಿದಾಗ ಆ ಕಾರಣವೇ ಇಲ್ಲವಾಗುತ್ತದೆ, ಉಳಿಯುವುದು ಮುಚ್ಚಲೇಬೇಕಾದ ಒಂದು ಕಿಂಡಿ. ಆದ್ದರಿಂದ ಇಲ್ಲಿ ಮುಂದೂಡಿಕೆಗೆ ಅರ್ಥವಿಲ್ಲ. ಹೇಗೆ ಮುಚ್ಚಬೇಕು ಎಂಬುದಷ್ಟೇ ಪ್ರಶ್ನೆ. ಮಧ್ಯರೇಖೆಯ ಛೇದನ ಹರ್ನಿಯಾದ ಪರಿಸ್ಥಿತಿ ಬೇರೆ. ಅಲ್ಲಿ ಸ್ನಾಯುಗಳು ಬದಿಗೆ ಸರಿದಿರುತ್ತವೆ, ಅಂಚುಗಳು ಗಾಯದ ಕಲೆಯಿಂದ ಬಿಗಿದಿರುತ್ತವೆ. ಯುರೋಪಿಯನ್ ಹರ್ನಿಯಾ ಸೊಸೈಟಿಯ ವರ್ಗೀಕರಣ ಇದನ್ನು ಅಗಲದ ಆಧಾರದಲ್ಲಿ ಮೂರಾಗಿ ವಿಂಗಡಿಸುತ್ತದೆ: 4 ಸೆಂ.ಮೀ.ಗಿಂತ ಕಡಿಮೆ, 4ರಿಂದ 10 ಸೆಂ.ಮೀ., ಮತ್ತು 10 ಸೆಂ.ಮೀ. ಹಾಗೂ ಅದಕ್ಕೂ ಹೆಚ್ಚು. ಕಾಲನಿರ್ಣಯದ ಚರ್ಚೆಯಲ್ಲಿ ಈ ಅಳತೆಗಿರುವ ತೂಕ ದೊಡ್ಡದು. ಇಬ್ಬರು ರೋಗಿಗಳಿಗೂ ‘ಹರ್ನಿಯಾ ಇದೆ’ ಎಂದು ಬರೆದಿದ್ದರೂ ಒಬ್ಬರಿಗೆ ಬೇಕಾದದ್ದು ಅರ್ಧ ಗಂಟೆಯ ಕೆಲಸ, ಇನ್ನೊಬ್ಬರಿಗೆ ಇಡೀ ಉದರಭಿತ್ತಿಯ ಪುನರ್ರಚನೆ.

3. ಮಲಿನ ಗಾಯದಲ್ಲಿ ಮೆಶ್: ಪುರಾವೆ ಏನು ಹೇಳುತ್ತದೆ?

ಬರಿಯ ಹೊಲಿಗೆ ಸಾಲದು ಎಂಬುದು ನೆದರ್ಲೆಂಡ್ಸ್‌ನ ಒಂದು ಅಧ್ಯಯನದಿಂದ ಸ್ಪಷ್ಟವಾಗಿದೆ. 2000ದಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಮೊದಲ ಬಾರಿಯ ಛೇದನ ಹರ್ನಿಯಾವನ್ನು ಹೊಲಿಗೆಯಿಂದ ಸರಿಪಡಿಸಿದಾಗ ಮೂರು ವರ್ಷಗಳಲ್ಲಿ ಮರುಕಳಿಕೆ 43%, ಮೆಶ್ (ಭಿತ್ತಿಗೆ ಆಸರೆಯಾಗುವ ಬಲೆ) ಬಳಸಿದಾಗ 24%. ಹತ್ತು ವರ್ಷಗಳ ಅನುಸರಣೆಯಲ್ಲಿ ಈ ಪ್ರಮಾಣಗಳು 63% ಮತ್ತು 32%ಕ್ಕೆ ಏರಿದವು. ಮೆಶ್ ಬೇಕು, ಆದರೆ ಕರುಳನ್ನು ತೆರೆಯುವ ದಿನ ಗಾಯ ಶುದ್ಧವಾಗಿರುವುದಿಲ್ಲ. ಇಡೀ ಸಮಸ್ಯೆಯ ಗಂಟು ಇದೇ.

ಎಲ್ಲ ಮೆಶ್‌ಗಳೂ ಸೋಂಕಿಗೆ ಒಂದೇ ರೀತಿ ಒಡ್ಡಿಕೊಳ್ಳುವುದಿಲ್ಲ. ರಂಧ್ರಗಳು 10 ಮೈಕ್ರಾನ್‌ಗಿಂತ ಕಿರಿದಾಗಿದ್ದರೆ ಸುಮಾರು ಒಂದು ಮೈಕ್ರಾನ್ ಗಾತ್ರದ ಬ್ಯಾಕ್ಟೀರಿಯಾ ಒಳಹೋಗಿ ಅಡಗುತ್ತದೆ. ಅದನ್ನು ನುಂಗಬೇಕಾದ ರಕ್ಷಣಾಕೋಶಗಳು ಹೊರಗೇ ಉಳಿಯುತ್ತವೆ. ಅಗಲ ರಂಧ್ರಗಳ ಪಾಲಿಪ್ರೊಪಿಲೀನ್ ಮೆಶ್‌ನಲ್ಲಿ ಈ ತಡೆಯಿಲ್ಲ. ರಕ್ತನಾಳಗಳೂ ಅಂಗಾಂಶವೂ ಬೇಗ ಒಳಗೆ ಬೆಳೆಯುತ್ತವೆ.

ಆದರೂ ದೀರ್ಘಕಾಲ ಮಲಿನ ಗಾಯಕ್ಕೆ ಪ್ರಾಣಿಜನ್ಯ ಮೆಶ್ ಮಾತ್ರ ಸರಿ ಎಂಬ ನಂಬಿಕೆಯಿತ್ತು. ಅಮೆರಿಕದ ಐದು ಬೋಧನಾ ಕೇಂದ್ರಗಳಲ್ಲಿ 253 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗ ಆ ನಂಬಿಕೆಯನ್ನು ಅಲುಗಾಡಿಸಿತು. ಎರಡು ವರ್ಷಗಳಲ್ಲಿ ಮರುಕಳಿಕೆ ಪ್ರಾಣಿಜನ್ಯ ಮೆಶ್‌ನಲ್ಲಿ 20.5%, ಕೃತಕ ಮೆಶ್‌ನಲ್ಲಿ 5.6%. ಮತ್ತೆ ಕೈಹಾಕಬೇಕಾದಂತಹ ಗಾಯದ ತೊಂದರೆಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೆಲೆಯಲ್ಲಿ ಮಾತ್ರ ಭಾರೀ ಅಂತರ: ಮಧ್ಯಾಂಕ ಬೆಲೆ ಪ್ರಾಣಿಜನ್ಯ ಮೆಶ್‌ಗೆ 21,539 ಡಾಲರ್, ಕೃತಕ ಮೆಶ್‌ಗೆ 105 ಡಾಲರ್. ದುಬಾರಿ ಮೆಶ್ ಸಿಗದ ಭಾರತದ ಆಸ್ಪತ್ರೆಗಳು ಕೀಳು ಚಿಕಿತ್ಸೆ ಕೊಡುತ್ತಿವೆ ಎಂಬ ಹಿಂಜರಿಕೆಗೆ ಇನ್ನು ಕಾರಣವಿಲ್ಲ.

ಸ್ಟೋಮಾದ ಕಿಂಡಿಯ ಬಗ್ಗೆಯೂ ಪುರಾವೆಯಿದೆ. 790 ರೋಗಿಗಳನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಯುರೋಪಿನ ‘ರಾಕ್ಸ್’ ಪ್ರಯೋಗದಲ್ಲಿ, ಸ್ಟೋಮಾ ಮುಚ್ಚುವಾಗ ಕೊಲಾಜನ್ ಮೆಶ್ ಇಟ್ಟವರಲ್ಲಿ ಎರಡು ವರ್ಷಕ್ಕೆ 12% ಮಂದಿಗೆ ಹರ್ನಿಯಾ ಕಂಡಿತು, ಇಡದವರಲ್ಲಿ 20%. ಗಾಯದ ಸೋಂಕು ಹೆಚ್ಚಲಿಲ್ಲ.

4. ಹಾಗಾದರೆ ಎಲ್ಲವನ್ನೂ ಒಂದೇ ದಿನ ಏಕೆ ಮಾಡಬಾರದು?

ಒಟ್ಟಿಗೆ ಮಾಡುವುದರ ಲಾಭಗಳು ನಿಜವಾದವು. ಅಂಟಿಕೊಂಡ ಕರುಳನ್ನು ಮತ್ತೊಮ್ಮೆ ಬಿಡಿಸುವ ಅಪಾಯ ತಪ್ಪುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂತಹ ಯೋಜನೆ ಆಸ್ಪತ್ರೆಯ ವೆಚ್ಚ ಹೊತ್ತರೂ ಎರಡನೇ ಬಾರಿ ಕಳೆದುಹೋಗುವ ಕೂಲಿಯನ್ನು ಅದು ತುಂಬಿಕೊಡುವುದಿಲ್ಲ. ಚೀಲ ಹೋದ ಮೇಲೆ ಎಷ್ಟೋ ಮಂದಿ ಹರ್ನಿಯಾಕ್ಕಾಗಿ ಮರಳಿ ಬರುವುದೇ ಇಲ್ಲ.

ಆದರೆ ಮೇಲಿನ ಅಮೆರಿಕದ ಪ್ರಯೋಗವನ್ನು ಓದುವಾಗ ಒಂದನ್ನು ಮರೆಯಬಾರದು. ಅಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು ಉದರಭಿತ್ತಿಯ ಪುನರ್ರಚನೆಯಲ್ಲಿ ಪಳಗಿದವರು. ಮೆಶ್ ಕುಳಿತದ್ದು ರೆಕ್ಟಸ್ ಸ್ನಾಯುವಿನ ಹಿಂದೆ, ಕರುಳಿನಿಂದ ಬೇರ್ಪಟ್ಟ ಪದರದಲ್ಲಿ. ಫ್ರಾನ್ಸಿನ ಜೀನ್ ರೀವ್ಸ್ ಮತ್ತು ರೆನೆ ಸ್ಟೊಪ್ಪಾ ರೂಢಿಗೆ ತಂದ ಈ ಜಾಗವೇ ಹರ್ನಿಯಾ ದುರಸ್ತಿಗೆ ಅತ್ಯುತ್ತಮವಾದದ್ದು. ಒಮ್ಮೆ ಬಿಡಿಸಿ, ಸೋಂಕು ತಗುಲಿ, ಕಲೆಗಟ್ಟಿದರೆ ಆ ಪದರ ಎರಡನೇ ಬಾರಿ ಸುಲಭವಾಗಿ ಸಿಗುವುದಿಲ್ಲ. ಅಗಲವಾದ ಹರ್ನಿಯಾದಲ್ಲಿ ಪಕ್ಕದ ಸ್ನಾಯುಪದರಗಳನ್ನೂ ಬೇರ್ಪಡಿಸಬೇಕಾಗುತ್ತದೆ; ಅದೂ ಒಮ್ಮೆ ಖರ್ಚಾದರೆ ಹೋದಂತೆಯೇ.

ಕರುಳಿನ ಜೋಡಣೆ ಸೋರುವ ಸಾಧ್ಯತೆ ಕಡಿಮೆಯಿದ್ದರೂ ಸೊನ್ನೆಯಲ್ಲ. ಸೋರಿದರೆ ಹೊಟ್ಟೆಯನ್ನು ಮತ್ತೆ ತೆರೆಯಬೇಕು, ಬಹುಶಃ ಮತ್ತೆ ಸ್ಟೋಮಾ ಮಾಡಬೇಕು, ಹೊಸದಾಗಿ ಕಟ್ಟಿದ ಭಿತ್ತಿಯನ್ನು ಸೀಳಿಯೇ. ಆಗ ರೋಗಿ ಕಳೆದುಕೊಳ್ಳುವುದು ಒಂದು ಮೆಶ್‌ ಅನ್ನು ಮಾತ್ರವಲ್ಲ, ಮುಂದಿನ ಒಳ್ಳೆಯ ದುರಸ್ತಿಯ ಅವಕಾಶವನ್ನೂ. ಸರಾಸರಿ ಶೇಕಡಾವಾರುಗಳಲ್ಲಿ ಈ ನಷ್ಟ ಕಾಣುವುದಿಲ್ಲ. ಕಾಲನಿರ್ಣಯದಲ್ಲಿ ಅತಿ ಹೆಚ್ಚು ತೂಗಬೇಕಾದ ಅಂಶ ಇದು.

5. ನಿರ್ಣಯಕ್ಕೊಂದು ಕ್ರಮ

ಈ ವಿವೇಚನೆಯಿಂದ ಮೂರು ಸೂತ್ರಗಳು ಹೊರಡುತ್ತವೆ.

ಮೊದಲನೆಯದು, ಸ್ಟೋಮಾದ ಕಿಂಡಿಯನ್ನೂ 4 ಸೆಂ.ಮೀ.ಗಿಂತ ಕಿರಿದಾದ ಮಧ್ಯರೇಖೆಯ ಹರ್ನಿಯಾವನ್ನೂ ಅದೇ ದಿನ ಸರಿಪಡಿಸಬೇಕು. ಚರ್ಮದ ಗಾಯವನ್ನು ಸುತ್ತುಹೊಲಿಗೆಯಿಂದ ಕಿರಿದುಗೊಳಿಸಿ, ನಡುವೆ ಸಣ್ಣ ಬಾಯಿ ಬಿಟ್ಟರೆ ಸೋಂಕು ಕಡಿಮೆಯಾಗುತ್ತದೆ.

ಎರಡನೆಯದು, 4ರಿಂದ 10 ಸೆಂ.ಮೀ. ಅಗಲದಲ್ಲಿ ರೋಗಿಯ ಸ್ಥಿತಿಯೇ ನಿರ್ಣಾಯಕ. ಪೌಷ್ಟಿಕತೆ ಚೆನ್ನಾಗಿದ್ದು, ಮಧುಮೇಹ ಹತೋಟಿಯಲ್ಲಿದ್ದು, ಜೋಡಣೆ ಎಳೆತವಿಲ್ಲದೆ ಕೂಡಿ, ಮಲ ಚೆಲ್ಲದಿದ್ದರೆ ಸ್ನಾಯುವಿನ ಹಿಂದೆ ಅಗಲ ರಂಧ್ರದ ಪಾಲಿಪ್ರೊಪಿಲೀನ್ ಮೆಶ್ ಇಡಬಹುದು. ಇವುಗಳಲ್ಲಿ ಒಂದು ತಪ್ಪಿದರೂ ಹೊಲಿಗೆಯಷ್ಟಕ್ಕೆ ನಿಲ್ಲಿಸುವುದು ಲೇಸು.

ಮೂರನೆಯದು, 10 ಸೆಂ.ಮೀ. ಮೀರಿದ ಅಥವಾ ಪಕ್ಕದ ಪದರಗಳನ್ನು ಬೇರ್ಪಡಿಸಬೇಕಾದ ಹರ್ನಿಯಾದಲ್ಲಿ ಮೊದಲು ಕರುಳನ್ನಷ್ಟೇ ಜೋಡಿಸಬೇಕು. ಹೊಟ್ಟೆಯನ್ನು ಸರಳವಾಗಿ ಮುಚ್ಚಿ, ರೆಕ್ಟಸ್ ಹಿಂದಿನ ಪದರವನ್ನು ಮುಟ್ಟದೆ ಬಿಡಬೇಕು. ಭಿತ್ತಿಯ ದುರಸ್ತಿಗೆ ಆರು ತಿಂಗಳಿಂದ ಒಂದು ವರ್ಷದ ಅಂತರ ಕೊಡುವುದು ಉಚಿತ. ಹರ್ನಿಯಾ ಉಳಿಯುತ್ತದೆ, ಏಕೆ ಉಳಿಸಲಾಗಿದೆ, ಮುಂದೆ ಯಾವಾಗ ಬರಬೇಕು ಎಂಬುದನ್ನು ರೋಗಿಗೂ ಮನೆಯವರಿಗೂ ಮೊದಲೇ ತಿಳಿಸಿ, ಬಿಡುಗಡೆ ಚೀಟಿಯಲ್ಲಿ ಬರೆದುಕೊಡಬೇಕು.

ಯಾವ ದಾರಿ ಹಿಡಿದರೂ ಕಾಯುವ ತಿಂಗಳುಗಳು ಖಾಲಿ ಹೋಗಬಾರದು. ಕನಿಷ್ಠ ನಾಲ್ಕು ವಾರ ಮೊದಲೇ ಧೂಮಪಾನ ನಿಲ್ಲಬೇಕು, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 8%ಕ್ಕಿಂತ ಕೆಳಗಿಳಿಯಬೇಕು, ಆಹಾರದಲ್ಲಿ ಪ್ರೋಟೀನ್ ಹೆಚ್ಚಬೇಕು, ಅತಿತೂಕ ಇಳಿಯಬೇಕು. ಹರ್ನಿಯಾದ ನಿಜವಾದ ಅಗಲವನ್ನು ಸಿ.ಟಿ. ಸ್ಕ್ಯಾನ್‌ನಲ್ಲಿ ಅಳೆದಿರಬೇಕು.

6. ಉಪಸಂಹಾರ

ಮಲಿನ ಗಾಯದಲ್ಲಿ ಕೃತಕ ಮೆಶ್ ಕೂಡದು ಎಂಬ ಹಳೆಯ ನಿಷೇಧವೂ, ಎಲ್ಲವನ್ನೂ ಒಂದೇ ದಿನ ಮುಗಿಸಬಹುದೆಂಬ ಹೊಸ ಉತ್ಸಾಹವೂ ಪುರಾವೆಯನ್ನು ಪೂರ್ತಿ ಓದಿದಾಗ ನಿಲ್ಲುವುದಿಲ್ಲ. ಕರುಳಿನ ಜೋಡಣೆ ಕೆಟ್ಟರೆ ಈ ರೋಗಿಯ ಪಾಲಿಗೆ ಏನು ಉಳಿದಿರುತ್ತದೆ ಎಂದು ಛೇದನಕ್ಕೆ ಮೊದಲೇ ಕೇಳಿಕೊಳ್ಳಬೇಕು. ಉಳಿಯುವುದು ಸಾಕಷ್ಟಿದ್ದರೆ ಒಟ್ಟಿಗೆ ಮಾಡಬಹುದು. ಏನೂ ಉಳಿಯದೆಂದಾದರೆ ಕಾಯುವುದೇ ಚಿಕಿತ್ಸೆಯ ಭಾಗ. ತುರ್ತು ಶಸ್ತ್ರಚಿಕಿತ್ಸೆ ಮಾಡುವ ಜಿಲ್ಲಾ ಆಸ್ಪತ್ರೆಗಳು ಮರುಜೋಡಣೆಯ ದಿನಾಂಕದ ಜೊತೆಗೇ ಉದರಭಿತ್ತಿಯ ಯೋಜನೆಯನ್ನೂ ರೋಗಿಯ ದಾಖಲೆಯಲ್ಲಿ ಬರೆಯುವ ರೂಢಿ ಬೆಳೆಸಿದರೆ, ಈ ನಿರ್ಣಯ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅವಸರದಲ್ಲಿ ಆಗುವುದು ತಪ್ಪುತ್ತದೆ.