ವೋಲ್ಟ್, ಆಂಪಿಯರ್ ಗೊತ್ತಿದ್ದರೆ ರೋಧ ಮತ್ತು ವ್ಯಾಟ್ ಲೆಕ್ಕ

ವಿದ್ಯುತ್ತಿನ ಲೆಕ್ಕದಲ್ಲಿ ನಾಲ್ಕು ಅಳತೆಗಳಿವೆ. ವಿಭವಾಂತರ ಅಂದರೆ ವೋಲ್ಟೇಜ್, ಅದರ ಅಳತೆ ವೋಲ್ಟ್. ಪ್ರವಾಹವನ್ನು ಆಂಪಿಯರ್‌ನಲ್ಲಿ, ರೋಧವನ್ನು ಓಮ್‌ನಲ್ಲಿ, ಸಾಮರ್ಥ್ಯವನ್ನು ವ್ಯಾಟ್‌ನಲ್ಲಿ ಅಳೆಯುತ್ತಾರೆ. ಮೊದಲೆರಡು ಗೊತ್ತಾದರೆ ಉಳಿದೆರಡು ತಾವಾಗಿಯೇ ಸಿಗುತ್ತವೆ. ಜತ್ತ, ಅಕ್ಕಲಕೋಟೆ ಕಡೆ ಮರಾಠಿ ಮಾಧ್ಯಮದಲ್ಲಿ ಓದುವ ಮಕ್ಕಳಿಗೂ ಇದು ಹೊಸದಲ್ಲ. ಅಲ್ಲಿಯೂ ವಿಭವಾಂತರ, ರೋಧ ಎಂಬ ಪದಗಳೇ ಇವೆ.

ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ. ಎರಡನ್ನೂ ಗುಣಿಸಿದರೆ ವ್ಯಾಟ್.

ನೀರು ಕಾಯಿಸುವ ಕಾಯಿಲ್ 230 ವೋಲ್ಟ್‌ನಲ್ಲಿ 6.5 ಆಂಪಿಯರ್ ಎಳೆಯುತ್ತದೆ ಎನ್ನಿ. ರೋಧ 230 ÷ 6.5 = 35.4 ಓಮ್. ಸಾಮರ್ಥ್ಯ 230 × 6.5 = 1495 ವ್ಯಾಟ್. ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಕಾಯಿಲ್‌ನಲ್ಲಿ ಹರಿಯುವುದು 5.08 ಆಂಪಿಯರ್, ಸಿಗುವುದು 915 ವ್ಯಾಟ್ ಮಾತ್ರ. ವೋಲ್ಟೇಜ್ ಇಳಿದದ್ದು ನೂರಕ್ಕೆ 22, ಕಾವು ಇಳಿದದ್ದು ನೂರಕ್ಕೆ 39! ಹತ್ತು ಲೀಟರ್ ನೀರನ್ನು 40 ಡಿಗ್ರಿ ಏರಿಸಲು 19 ನಿಮಿಷದ ಬದಲು ಅರ್ಧ ಗಂಟೆ ಬೇಕು. ಹಾಗೆಂದು ಬಿಲ್ ಕಡಿಮೆಯಾಗುವುದಿಲ್ಲ, ಎರಡೂ ಸಲ ಸುಮಾರು ಅರ್ಧ ಯೂನಿಟ್ ಖರ್ಚು.

ತಂತಿ ಬಲ್ಬಿನ ವಿಷಯ ಸ್ವಲ್ಪ ಬೇರೆ. ಉರಿಯುತ್ತಿರುವ 60 ವ್ಯಾಟ್ ಬಲ್ಬಿನ ರೋಧ ಸುಮಾರು 880 ಓಮ್. ಆರಿದ ಬಲ್ಬಿಗೆ ಮಲ್ಟಿಮೀಟರ್ ಹಿಡಿದರೆ ಅದರ ಹತ್ತನೇ ಒಂದು ಪಾಲೂ ತೋರಿಸುವುದಿಲ್ಲ. ಮೀಟರ್ ಕೆಟ್ಟಿಲ್ಲ, ತಂತಿ ಕಾದಾಗ ರೋಧ ಏರುತ್ತದೆ ಅಷ್ಟೆ.

ರೈತರಿಗೆ ಈ ಲೆಕ್ಕ ನಿಜವಾಗಿ ಬೇಕಾಗುವುದು ಬಾವಿಯ ವಯರ್ ಕೊಳ್ಳುವಾಗ. 2.5 ಸ್ಕ್ವೇರ್ ಎಂಎಂ ತಾಮ್ರದ ವಯರ್‌ಗೆ ಕಿಲೋಮೀಟರ್‌ಗೆ ಸುಮಾರು 7 ಓಮ್ ರೋಧ. ಬಾವಿ 300 ಮೀಟರ್ ದೂರವಿದ್ದರೆ ಹೋಗಿ ಬರುವ ತಂತಿ 600 ಮೀಟರ್, ರೋಧ 4.2 ಓಮ್. ಸಿಂಗಲ್ ಫೇಸ್ ಮೋಟಾರು 8 ಆಂಪಿಯರ್ ಎಳೆದರೆ ದಾರಿಯಲ್ಲೇ 34 ವೋಲ್ಟ್ ಹೋಗುತ್ತದೆ. ಮನೆಯಲ್ಲಿ 230 ಇದ್ದರೂ ಬಾವಿಯ ಹತ್ತಿರ 196. ಸುಮಾರು 270 ವ್ಯಾಟ್ ವಯರನ್ನು ಕಾಯಿಸಲಿಕ್ಕೇ ಖರ್ಚು. 6 ಸ್ಕ್ವೇರ್ ಎಂಎಂ ವಯರ್ ಎಳೆದರೆ ನಷ್ಟ 14 ವೋಲ್ಟ್‌ಗೆ ನಿಲ್ಲುತ್ತದೆ. ದುಬಾರಿ ನಿಜ, ಆದರೆ ಮೋಟಾರು ಮತ್ತೆ ಮತ್ತೆ ವೈಂಡಿಂಗ್ ಮಾಡಿಸುವುದೂ ಅಗ್ಗವಲ್ಲ.

ಯಾಕೆಂದರೆ ಮೋಟಾರು ಕಾಯಿಲ್‌ನಂತಲ್ಲ. ನೀರೆತ್ತುವ ಕೆಲಸ ಅಷ್ಟೇ ಇರುವುದರಿಂದ ವೋಲ್ಟೇಜ್ ಇಳಿದರೆ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. 8 ಆಂಪಿಯರ್ 10 ಆದರೆ ವೈಂಡಿಂಗ್‌ನ ಕಾವು ಒಂದೂವರೆ ಪಟ್ಟು ಮೀರುತ್ತದೆ. ಸುಡುವುದು ಹೀಗೆ. ಮೋಟಾರಿನ ವ್ಯಾಟ್ ಕಂಡುಹಿಡಿಯಲು ಬರೀ ಗುಣಾಕಾರವೂ ಸಾಲದು, ಪವರ್ ಫ್ಯಾಕ್ಟರ್‌ನಿಂದಲೂ ಗುಣಿಸಬೇಕು. ಅದು 0.8 ಇದ್ದರೆ 230 × 8 × 0.8 = 1472 ವ್ಯಾಟ್.

ರೋಧ ಅಳೆಯುವಾಗ ಮೇನ್ ಸ್ವಿಚ್ ಆಫ್ ಇರಲೇಬೇಕು. ಆಂಪಿಯರ್ ನೋಡಲು ಕ್ಲ್ಯಾಂಪ್ ಮೀಟರನ್ನು ಒಂದೇ ವಯರ್ ಸುತ್ತ ಹಾಕಿ. ಸಿಂಗಲ್ ಫೇಸ್‌ನ ಎರಡೂ ವಯರ್ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ.