ನಿಮ್ಮ ಫೋನಿನೊಳಗಿನ ಕಾವಲುಗಾರ ಮತ್ತು ಅವನ ದಾಖಲೆ ಪುಸ್ತಕ

ಇವತ್ತಿನ ಕಥೆ ಶುರುವಾಗೋದು ಚಿತ್ರದುರ್ಗ ಜಿಲ್ಲೆಯ ಒಂದು ಬಂಡೆಯಿಂದ, ಬಂದು ನಿಲ್ಲೋದು ಹೊಸದುರ್ಗದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ. ನಡುವೆ ಅಮೆರಿಕದ ಗೂಢಚಾರ ಸಂಸ್ಥೆಯೂ ಬರುತ್ತೆ. ಸ್ವಲ್ಪ ತಾಳ್ಮೆ ಇರಲಿ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, ಶಾಲೆಯಲ್ಲಿ ಓದಿರ್ತೀರಿ. ಬಿ. ಎಲ್. ರೈಸ್ ಅವರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ಅದರಲ್ಲಿ ಧರ್ಮದ ಮಾತಿಗಿಂತ ಮೊದಲು ಒಂದು ವಿಳಾಸ ಇದೆ: ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಮಹಾಮಾತ್ರರಿಂದ, ಇಸಿಲದ ಮಹಾಮಾತ್ರರಿಗೆ. ಕೊನೆಯಲ್ಲಿ ಬರೆದವನ ಹೆಸರು, ಚಪಡ. ಶಾಸನ ಪೂರ್ತಿ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕಾರ’ ಎಂಬ ಅವನ ಕೆಲಸದ ಹೆಸರು ಮಾತ್ರ ಖರೋಷ್ಠಿ ಲಿಪಿಯಲ್ಲಿದೆ, ಅಂದ್ರೆ ಬಲದಿಂದ ಎಡಕ್ಕೆ ಬರೆಯುವ ವಾಯವ್ಯ ಭಾರತದ ಲಿಪಿ. ಯಾರಿಂದ, ಯಾರಿಗೆ, ಯಾರ ಕೈಯಿಂದ, ಮೂರೂ ಒಂದೇ ಬಂಡೆ ಮೇಲೆ. ಕಂಪ್ಯೂಟರ್ ಜನ ಇದನ್ನೇ ಲೇಬಲ್ ಮತ್ತು ಆಡಿಟ್ ಅಂತಾರೆ. ಲೇಬಲ್ ಅಂದ್ರೆ ನೀನು ಯಾರು ಅನ್ನೋ ಚೀಟಿ. ಆಡಿಟ್ ಅಂದ್ರೆ ಯಾರು ಏನು ಮಾಡಿದ ಅನ್ನೋ ದಾಖಲೆ.

ಈಗ ನಿಮ್ಮ ಕೈಯಲ್ಲಿರೋ ಫೋನಿಗೆ ಬರೋಣ. ಆಂಡ್ರಾಯ್ಡ್ ಆಗಿದ್ರೆ ಅದರ ಬುಡದಲ್ಲಿ ಲಿನಕ್ಸ್ ಕರ್ನಲ್ ಇದೆ. ಯಾವ ಆ್ಯಪ್ ಯಾವ ಫೈಲ್ ತೆಗೀಬಹುದು, ಯಾರು ಯಾರ ಜೊತೆ ಮಾತಾಡಬಹುದು ಅಂತ ಕ್ಷಣಕ್ಷಣಕ್ಕೂ ತೀರ್ಮಾನ ಮಾಡೋದು ಅದೇ. ಹಳೆಯ ಯುನಿಕ್ಸ್ ಪದ್ಧತಿಯಲ್ಲಿ ಈ ತೀರ್ಮಾನ ಬಹಳ ಸರಳವಾಗಿತ್ತು. ಫೈಲಿಗೆ ಒಬ್ಬ ಮಾಲೀಕ, ಯಾರಿಗೆ ತೋರಿಸಬೇಕು ಅನ್ನೋದು ಅವನ ಇಷ್ಟ. ಎಲ್ಲರ ಮೇಲೆ ‘ರೂಟ್’ ಅನ್ನೋ ಒಬ್ಬ ದೊರೆ, ಅವನಿಗೆ ಯಾವ ಬೀಗವೂ ಇಲ್ಲ. ರೂಟ್ ಆಗಿ ಓಡುತ್ತಿರೋ ಒಂದು ಪ್ರೋಗ್ರಾಂ ಕಳ್ಳನ ಕೈಗೆ ಸಿಕ್ಕರೆ ಊರೆಲ್ಲಾ ಅವನದೇ.

ನಮ್ಮ ಕಡೆ ಸೈಬರ್ ಭದ್ರತೆ ಬಗ್ಗೆ ಭಾಷಣ ಮಾಡೋರೆಲ್ಲ ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಹೋಲಿಕೆ ಕೊಡ್ತಾರೆ. ನನಗೆ ಅದು ಅಷ್ಟು ಹಿಡಿಸಲ್ಲ. ಗೋಡೆ ಕೇಳೋದು ಒಂದೇ ಪ್ರಶ್ನೆ: ನೀನು ಒಳಗಿದ್ದೀಯೋ ಹೊರಗಿದ್ದೀಯೋ? ಒಳಗೆ ಬಂದಮೇಲೆ ಕೇಳೋರಿಲ್ಲ. ಹಾಗೆ ನೋಡಿದರೆ ಒನಕೆ ಓಬವ್ವನ ಕಿಂಡಿಯೇ ಹೆಚ್ಚು ಪಾಠ ಹೇಳುತ್ತೆ. ಹೈದರಾಲಿಯ ಸೈನಿಕರು ಏಳು ಸುತ್ತನ್ನೂ ಒಡೆಯಲು ಹೋಗಲಿಲ್ಲ, ಕಾವಲುಗಾರ ಊಟಕ್ಕೆ ಹೋದ ಹೊತ್ತಲ್ಲಿ ಬಂಡೆಯ ಸಂದಿನಿಂದ ನುಸುಳಿದರು ಅನ್ನೋದೇ ಆ ಕಥೆ.

1972ರಲ್ಲಿ ಜೇಮ್ಸ್ ಆ್ಯಂಡರ್ಸನ್ ಅನ್ನೋರು ಅಮೆರಿಕದ ವಾಯುಪಡೆಗೆ ಬರೆದ ವರದಿಯಲ್ಲಿ ಇದೇ ಚಿಂತೆ ಇದೆ. ಅವರ ಪ್ರಕಾರ ಕಂಪ್ಯೂಟರಿನ ಕಾವಲುಗಾರನಿಗೆ ಮೂರು ಗುಣ ಬೇಕು. ಪ್ರತಿ ಸಲ, ಪ್ರತಿ ದಾರಿಯಲ್ಲೂ ಅವನನ್ನು ಕೇಳಿಯೇ ಮುಂದೆ ಹೋಗಬೇಕು. ಅವನನ್ನು ಯಾರೂ ತಿದ್ದೋಕೆ ಆಗಬಾರದು. ಅವನು ಸರಿಯಾಗಿದ್ದಾನೆ ಅಂತ ಪರೀಕ್ಷೆ ಮಾಡೋಕೆ ಆಗುವಷ್ಟು ಚಿಕ್ಕವನಿರಬೇಕು. ಕಿಂಡಿ ಮುರಿದದ್ದು ಮೊದಲನೇ ನಿಯಮ. ಎಂಟು ವರ್ಷ ಬಿಟ್ಟು, 1980ರಲ್ಲಿ, ಇದೇ ಆ್ಯಂಡರ್ಸನ್ ಇನ್ನೊಂದು ವರದಿ ಬರೆದರು. ಈ ಸಲ ವಿಷಯ ದಾಖಲೆ ಪುಸ್ತಕ: ಆಡಿಟ್ ದಾಖಲೆಗಳನ್ನು ಓದಿ ಒಳಗಿನ ಕಳ್ಳನನ್ನು ಹೇಗೆ ಪತ್ತೆ ಹಚ್ಚೋದು ಅಂತ. ಕಾವಲು ಮತ್ತು ದಾಖಲೆ ಎರಡನ್ನೂ ಒಬ್ಬನೇ ಯೋಚಿಸಿದ್ದು ಕಾಕತಾಳೀಯ ಅಲ್ಲ ಅನ್ಸುತ್ತೆ ನನಗೆ.

ಆಮೇಲೆ ಅಮೆರಿಕದ ರಕ್ಷಣಾ ಇಲಾಖೆ ಆರೆಂಜ್ ಬುಕ್ ಅನ್ನೋ ಮಾನದಂಡ ತಂತು, 1983ರಲ್ಲಿ. ಸಿ2 ದರ್ಜೆ ಬೇಕಾದ್ರೆ ಆಡಿಟ್ ಇರಬೇಕು, ಬಿ1 ಬೇಕಾದ್ರೆ ಲೇಬಲ್ಲೂ ಇರಬೇಕು. ಆದ್ರೆ ಇದೆಲ್ಲ ಸೈನ್ಯದ ದುಬಾರಿ ಯಂತ್ರಗಳ ಮಾತಾಗಿತ್ತು.

ಜನಸಾಮಾನ್ಯರ ಹತ್ತಿರ ಬಂದದ್ದು 2000ದ ಡಿಸೆಂಬರ್‌ನಲ್ಲಿ. ಅಮೆರಿಕದ ಎನ್‌ಎಸ್‌ಎ, ಹೌದು, ಜಗತ್ತಿನ ಫೋನ್ ಕದ್ದು ಕೇಳೋ ಅದೇ ಸಂಸ್ಥೆ, ಎಸ್‌ಇ-ಲಿನಕ್ಸ್ ಅನ್ನೋ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಇದರಲ್ಲಿ ಪ್ರತಿ ಪ್ರೋಗ್ರಾಂಗೂ ಪ್ರತಿ ಫೈಲಿಗೂ ಒಂದು ಲೇಬಲ್. ಯಾವ ಲೇಬಲ್ ಯಾವ ಲೇಬಲ್ಲನ್ನು ಮುಟ್ಟಬಹುದು ಅಂತ ಒಂದು ನಿಯಮಪಟ್ಟಿ. ಪಟ್ಟಿಯಲ್ಲಿ ಇಲ್ಲ ಅಂದ್ರೆ ರೂಟ್ ಬಂದು ಕೇಳಿದ್ರೂ ಇಲ್ಲ. 2001ರ ಕರ್ನಲ್ ಸಭೆಯಲ್ಲಿ ಇದನ್ನು ಮುಂದಿಟ್ಟಾಗ ಲಿನಸ್ ಟೊರ್ವಾಲ್ಡ್ಸ್ ನೇರವಾಗಿ ಸೇರಿಸಿಕೊಳ್ಳಲಿಲ್ಲ. ಇಂಥ ಕಾವಲು ಪದ್ಧತಿಗಳು ಬೇರೆ ಬೇರೆ ಇವೆ, ಯಾವುದನ್ನು ಬೇಕಾದ್ರೂ ಸಿಕ್ಕಿಸಬಹುದಾದ ಒಂದು ಸಾಮಾನ್ಯ ಚೌಕಟ್ಟು ತನ್ನಿ ಅಂದ್ರು. ಅದರಿಂದ ಹುಟ್ಟಿದ್ದು ಲಿನಕ್ಸ್ ಸೆಕ್ಯುರಿಟಿ ಮಾಡ್ಯೂಲ್ಸ್, ಚಿಕ್ಕದಾಗಿ ಎಲ್‌ಎಸ್‌ಎಂ. 2003ರ ಡಿಸೆಂಬರ್‌ನಲ್ಲಿ ಬಂದ 2.6 ಕರ್ನಲ್‌ನಲ್ಲಿ ಚೌಕಟ್ಟೂ ಇತ್ತು, ಎಸ್‌ಇ-ಲಿನಕ್ಸೂ ಇತ್ತು. ಮುಂದಿನ ವರ್ಷ ರೆಡ್ ಹ್ಯಾಟ್‌ನ ರಿಕ್ ಫೇತ್ ಬರೆದ ಆಡಿಟ್ ವ್ಯವಸ್ಥೆ ಸೇರಿತು.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಣ್ಣ ತೊಡಕಿದೆ, ಅದನ್ನು ಹೇಳಲೇಬೇಕು. ಲೇಬಲ್ ಅನ್ನೋದು ಉದ್ದದ ಪದ. ಪ್ರತಿ ಸಲ ಅಕ್ಷರ ಅಕ್ಷರ ಹೋಲಿಸ್ತಾ ಕೂತರೆ ಫೋನ್ ತೆವಳುತ್ತೆ. ಅದಕ್ಕೆ ಕರ್ನಲ್ ಒಳಗೆ ಪ್ರತಿ ಲೇಬಲ್ಲಿಗೂ ಒಂದು ನಂಬರ್ ಇಟ್ಟುಕೊಳ್ಳುತ್ತೆ, ಲಾಡ್ಜಿನ ರೂಮ್ ಕೀಲಿಗೆ ಇರೋ ಹಾಗೆ. ಆದ್ರೆ ದಾಖಲೆ ಪುಸ್ತಕ ಓದೋದು ಮನುಷ್ಯ. ಅವನಿಗೆ ನಂಬರ್ ಸಾಲದು, ಹೆಸರು ಬೇಕು. ಹಾಗಾಗಿ ಆಡಿಟ್ ಕೋಡ್ ಮಾಡ್ಯೂಲನ್ನು ಕೇಳುತ್ತೆ: ಈ ನಂಬರಿನವನ ಹೆಸರೇನಪ್ಪಾ? ಈ ಕೇಳೋ ದಾರಿಯನ್ನು ಕಟ್ಟಿದಾಗ ಎಲ್ಲರ ಮನಸ್ಸಲ್ಲಿದ್ದದ್ದು ಒಂದು ಯಂತ್ರದಲ್ಲಿ ಲೇಬಲ್ ಕೊಡೋನು ಒಬ್ಬನೇ ಅಂತ. 2008ರಲ್ಲಿ ಕೇಸಿ ಶಾಫ್ಲರ್ ಅವರ ಸ್ಮ್ಯಾಕ್ ಬಂತು, 2010ರಲ್ಲಿ ಆ್ಯಪ್‌ಆರ್ಮರ್ ಬಂತು. ಒಂದೇ ಯಂತ್ರದಲ್ಲಿ ಇಬ್ಬರು ಕಾವಲುಗಾರರು ಬೇಕು ಅನ್ನೋ ಬೇಡಿಕೆ ಶುರುವಾಯ್ತು. ಆಗ ಒಂದು ನಂಬರ್ ಸಾಕಾಗಲ್ಲ, ಅದು ಯಾರ ಪುಸ್ತಕದ ನಂಬರ್? ಶಾಫ್ಲರ್ ಇದನ್ನು ಸರಿಪಡಿಸೋಕೆ ವರ್ಷಗಟ್ಟಲೆ ಪ್ಯಾಚ್ ಕಳಿಸ್ತಾನೇ ಇದ್ದರು. ಒಂದು ನಂಬರಿನ ಬದಲು ಎಲ್ಲ ಮಾಡ್ಯೂಲ್‌ಗಳ ಗುರುತನ್ನೂ ಒಟ್ಟಿಗೆ ಹೊತ್ತೊಯ್ಯೋ ಒಂದು ಡಬ್ಬಿ ಕರ್ನಲ್‌ಗೆ ಸೇರಿದ್ದು 2024ರ ಕೊನೆಗೆ. ಚಪಡನ ಹೆಸರು ಬಂಡೆಗೆ ಸೇರೋಕೆ ಇಷ್ಟು ಹೊತ್ತು ಹಿಡಿದಿರಲಿಕ್ಕಿಲ್ಲ.

ಇನ್ನು ಆಂಡ್ರಾಯ್ಡ್. 2013ರ 4.3 ಆವೃತ್ತಿಯಲ್ಲಿ ಎಸ್‌ಇ-ಲಿನಕ್ಸ್ ಬಂತು, ಆದ್ರೆ ‘ಪರ್ಮಿಸಿವ್’ ಆಗಿ. ಅಂದ್ರೆ ತಪ್ಪು ಕಂಡರೆ ಬರೆದುಕೊಳ್ಳುತ್ತೆ, ತಡೆಯಲ್ಲ. 2014ರ 5.0 ಲಾಲಿಪಾಪ್‌ನಿಂದ ಪೂರ್ತಿ ಜಾರಿ. ನೀವು ಹಾಕಿಕೊಳ್ಳೋ ಸಾಮಾನ್ಯ ಆ್ಯಪ್‌ಗಳ ಲೇಬಲ್ ಹೆಸರೇ ‘ಅನ್‌ಟ್ರಸ್ಟೆಡ್ ಆ್ಯಪ್’. ಎಷ್ಟೇ ದೊಡ್ಡ ಕಂಪನಿಯದ್ದಾಗಲಿ, ಕರ್ನಲ್ ಕಣ್ಣಲ್ಲಿ ನಂಬಿಕೆ ಇಲ್ಲದವನೇ. ತಡೆದಾಗ ‘ಎವಿಸಿ ಡಿನೈಡ್’ ಅಂತ ಒಂದು ಸಾಲು ಬೀಳುತ್ತೆ: ಯಾರು ಕೇಳಿದ, ಏನು ಕೇಳಿದ, ಇಬ್ಬರ ಲೇಬಲ್ ಏನು.

ನಮ್ಮ ರಾಜ್ಯ ಇದೇ ಪ್ರಶ್ನೆಯನ್ನು ಬೇರೆ ದಾರಿಯಲ್ಲಿ ಎದುರಿಸಿತ್ತು. ಪಹಣಿ ಆಗ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು, ಯಾರು ಯಾವಾಗ ತಿದ್ದಿದರು ಅಂತ ರೈತನಿಗೆ ತಿಳಿಯೋ ದಾರಿ ಕಷ್ಟ. ರಾಜೀವ್ ಚಾವ್ಲಾ ಅವರ ಮುಂದಾಳತ್ವದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ ಕಂಪ್ಯೂಟರಿಗೆ ಹೋಯ್ತು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಸೇರಿ ಎಲ್ಲ ತಾಲ್ಲೂಕು ಕಚೇರಿಯಲ್ಲೂ ಆಗ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು. ಒಳಗೆ ಕೂತ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಕೆಲಸ ಶುರು ಮಾಡಬೇಕಿತ್ತು. ಪಾಸ್‌ವರ್ಡ್ ಆದ್ರೆ ‘ನಾನಲ್ಲ ಸಾರ್, ಯಾರೋ ಬಳಸಿಕೊಂಡ್ರು’ ಅನ್ನಬಹುದು, ಬೆರಳಿಗೆ ಆ ಮಾತು ನಡೆಯಲ್ಲ.

ಈಗ ಹೊಸದುರ್ಗಕ್ಕೆ ಹೋಗೋಣ. ನಮ್ಮ ದೊಡ್ಡಪ್ಪನಿಗೆ ಕಳೆದ ವರ್ಷ ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಬಂತು, ಎಪಿಕೆ ಫೈಲು. ಇನ್‌ಸ್ಟಾಲ್ ಮಾಡಿದ್ರು. ಎಸ್‌ಎಂಎಸ್ ಓದೋಕೆ ಬಿಡಲಾ ಅಂತ ಕೇಳ್ತು, ಬಿಟ್ಟರು. ರಾತ್ರಿಯೊಳಗೆ ಅಡಿಕೆ ಮಾರಿದ ದುಡ್ಡು ಖಾಲಿ. ‘ನಿಮ್ಮ ಕರ್ನಲ್ ಏನು ಮಾಡ್ತಿತ್ತೋ?’ ಅಂತ ನನ್ನ ತಮ್ಮ ಕೇಳಿದ. ಅದು ತನ್ನ ಕೆಲಸ ಮಾಡ್ತಾನೇ ಇತ್ತು. ಆ ಆ್ಯಪ್ ಬ್ಯಾಂಕ್ ಆ್ಯಪ್‌ನ ಫೈಲ್‌ಗಳನ್ನು ಮುಟ್ಟೋಕೆ ಹೋಗಿದ್ರೆ ಬಾಗಿಲಲ್ಲೇ ನಿಲ್ಲಿಸ್ತಿತ್ತು. ಅದಕ್ಕೆ ಮುಟ್ಟೋ ಅಗತ್ಯವೇ ಬೀಳಲಿಲ್ಲ, ಒಟಿಪಿ ಸಾಕಾಗಿತ್ತು. ಎಸ್‌ಎಂಎಸ್ ಅನುಮತಿ ಮಾಲೀಕರೇ ಕೊಟ್ಟಿದ್ದು.

ಬೆಳಿಗ್ಗೆ ಗಾಬರಿಯಲ್ಲಿ ದೊಡ್ಡಪ್ಪ ಫೋನನ್ನು ರಿಪೇರಿ ಅಂಗಡಿಗೆ ಕೊಟ್ಟರು. ‘ವೈರಸ್ ಬಂದಿದೆ, ಕ್ಲೀನ್ ಮಾಡ್ತೀನಿ’ ಅಂತ ಅವನು ಫ್ಯಾಕ್ಟರಿ ರೀಸೆಟ್ ಮಾಡಿದ. ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು. ಆದ್ರೆ ಆ ಎಪಿಕೆ, ಅದು ಬಂದ ಮೆಸೇಜು, ಉಳಿದಿದ್ದ ಲಾಗ್ ಎಲ್ಲಾ ಹೋಯ್ತು. ಲಾಗ್ ಹೇಗೂ ಹೆಚ್ಚು ದಿನ ಇರ್ತಿರಲಿಲ್ಲ ಬಿಡಿ. ಫೋನಿನ ಲಾಗ್ ಒಂದು ಸಣ್ಣ ತಿರುಗೋ ಪಟ್ಟಿ, ಹೊಸ ಸಾಲು ಬಂದ ಹಾಗೆ ಹಳೇದು ಅಳಿಯುತ್ತೆ. ಫೈಲಾದ್ರೂ ಉಳಿದಿದ್ರೆ ಪೊಲೀಸರಿಗೆ ತೋರಿಸೋಕೆ ಏನೋ ಒಂದು ಇರ್ತಿತ್ತು.

ನಿಮ್ಮ ಮನೆಯಲ್ಲಿ ಹೀಗಾದ್ರೆ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ. ಬಂದ ಮೆಸೇಜಿನ ಫೋಟೋ ಇನ್ನೊಂದು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ರೀಸೆಟ್ ಆಮೇಲೆ. ದೊಡ್ಡಪ್ಪ 1930ಕ್ಕೆ ಕರೆ ಮಾಡಿದ್ದು ಮೂರನೇ ದಿನ. ದೂರಿನ ನಂಬರ್ ಬರೆದ ಚೀಟಿ ಇನ್ನೂ ಅವರ ಜೇಬಲ್ಲೇ ಇದೆ.